ಹುಣಸೆಮರದ ಕೆಳಗೆ ಸನ್ಮಾನ

"ನನ್ನ ಅಪ್ಪಣೆಯಿಲ್ಲದೆ ಹರಳೂರಲ್ಲಿ ಒಂದು ಎಲೆಯೂ ಅಲುಗೋದಿಲ್ಲ" ಎಂದು ಮರಗಾವಲಿನ ಅಧಿಕಾರಿ ವಿರೂಪಣ್ಣ ಮೀಸೆ ತಿರುವುತ್ತಿದ್ದ. ಈ ಸಂಗತಿಯನ್ನು ಗಾಳಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ.

ಸ್ವಂತ ಹಿತ್ತಲಿನ ಮರವಾದರೂ ಅಪ್ಪಣೆಯಿಲ್ಲದೆ ಕಡಿಯಬಾರದೆಂದು ರಾಜ ಕೆಂಚನಾಯಕ ಕಟ್ಟಳೆ ಮಾಡಿದ್ದ. ಕಟ್ಟಳೆಯೇನೋ ಒಳ್ಳೆಯದೇ. ಅದು ವಿರೂಪಣ್ಣನ ಕೈಗೆ ಬಿದ್ದದ್ದು ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಸಾಹುಕಾರನ ಹಿತ್ತಲ ಗಟ್ಟಿ ಹಲಸನ್ನು ಕಡಿಯಲು ಒಂದೇ ದಿನದಲ್ಲಿ ಅಪ್ಪಣೆ ಸಿಕ್ಕಿತು. ಅದರ ಹಲಗೆಯಿಂದ ವಿರೂಪಣ್ಣನ ಮನೆಗೆ ಹೊಸ ಬಾಗಿಲೂ ಬಂತು.

ಕುಂಬಾರರ ಸಿದ್ದವ್ವನ ಪಾಡು ಬೇರೆ. ಗೆದ್ದಲು ತಿಂದ ಹುಣಸೆಮರವೊಂದು ಅವಳ ಮನೆಯ ಮೇಲೆ ವಾಲಿತ್ತು. ಅದನ್ನು ಕಡಿಯಲು ಅಪ್ಪಣೆ ಕೇಳಿ ಅವಳು ವಿರೂಪಣ್ಣನ ಬಳಿ ಬಂದಳು.

"ಒಳಗೆಲ್ಲ ಟೊಳ್ಳಾಗೈತೆ ಸ್ವಾಮಿ. ಆಷಾಢದ ಗಾಳಿ ಬ್ಯಾರೆ. ಮೊಮ್ಮಕ್ಕಳು ಅದರಡಿ ಮಲಗ್ತಾವೆ."

"ಬೀಳುತ್ತೆ ಅನ್ನೋಕೆ ಸಾಕ್ಷಿ ಏನು?"

"ಎಂಥಾ ಸಾಕ್ಷಿ ಬೇಕು ಸ್ವಾಮಿ?"

"ಮೊದಲು ಬೀಳಲಿ. ಆಮೇಲೆ ಬಾ, ಅಪ್ಪಣೆ ಕೊಡ್ತೀನಿ."

"ಆಮೇಲೆ ಬರೋಕೆ ನಾವು ಉಳಿದಿರಬೇಕಲ್ಲ?"

ವಿರೂಪಣ್ಣ ಅವಳನ್ನು ಗದರಿಸಿ ಕಳಿಸಿದ. ಅವಳು ಕಣ್ಣೊರೆಸಿಕೊಳ್ಳುತ್ತ ನೆಟ್ಟಗೆ ಆಸ್ಥಾನದ ವಿದೂಷಕ ಓಬಯ್ಯನ ಮನೆಗೆ ಹೋದಳು.

ಮರುದಿನ ಓಬಯ್ಯ ಸಭೆಯಲ್ಲಿ ಎದ್ದು ನಿಂತ. "ಪ್ರಭು, ವಿರೂಪಣ್ಣನವರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ಅವರೇ ಉಳಿಸಿದ ಮರದಡಿ ಆದರೆ ಚೆಂದ."

ರಾಜ ಒಪ್ಪಿದ. ವಿರೂಪಣ್ಣ ಉಬ್ಬಿಹೋದ, ಯಾವ ಮರ ಎಂದು ಕೇಳುವುದನ್ನೇ ಮರೆತ.

ಸನ್ಮಾನದ ದಿನ ನೋಡಿದರೆ ಅದೇ ಹುಣಸೆಮರ. ಬುಡದಲ್ಲಿ ಹಸೆ ಹಾಸಿತ್ತು. ರಾಜನ ಪೀಠ ಮಾತ್ರ ಬೀದಿಯ ಆಚೆ ಬದಿಗಿತ್ತು. ವಿರೂಪಣ್ಣನ ಮುಖ ಸಪ್ಪಗಾಯಿತು, ಆದರೂ ಕುಳಿತ. ಹಸೆಗೆ ಕುಳಿತವನು ಆರತಿ ಮುಗಿಯುವ ಮುನ್ನ ಏಳುವಂತಿಲ್ಲ, ಎದ್ದರೆ ಅರಸನಿಗೆ ಕೇಡೆಂದು ಊರಿನ ನಂಬಿಕೆ.

ಕುಂಬಾರಗೇರಿಯ ಹೆಂಗಸರು ಆರತಿ ಹಾಡು ಎತ್ತಿಕೊಂಡರು. ಒಂದೊಂದು ನುಡಿಯನ್ನೂ ಎಳೆದೆಳೆದು, ಮತ್ತೆ ಮತ್ತೆ ಹಾಡಿದರು. ಗಾಳಿ ಬೀಸಿತು. ಹೊಸ ಶಾಲಿನ ಮೇಲೆ ಗೆದ್ದಲಿನ ಪುಡಿ ಉದುರಿತು. ಮೇಲೆ ಏನೋ ಲಟಕ್ಕೆಂದಿತು.

"ಬೇಗ ಮುಗಿಸಿ ತಾಯಂದಿರಾ" ಎಂದ ವಿರೂಪಣ್ಣ ಮೆಲ್ಲಗೆ.

"ದೇವರ ಹೆಸರು ಇನ್ನೂ ಬಂದೇ ಇಲ್ಲ ಸ್ವಾಮಿ" ಎಂದು ಸಿದ್ದವ್ವ ಹಾಡು ಮುಂದುವರಿಸಿದಳು.

ಮತ್ತೆ ಲಟಲಟ ಸದ್ದಾಯಿತು. ವಿರೂಪಣ್ಣನ ಬೆವರು ಮೀಸೆಯಿಂದ ತೊಟ್ಟಿಕ್ಕಿತು. "ಓಬಯ್ಯ, ಈ ಮರ ಬೀಳುತ್ತೆ ಕಣಯ್ಯಾ!"

"ನಿಮ್ಮ ಅಪ್ಪಣೆಯಿಲ್ಲದೆಯೇ? ಬೀಳುತ್ತೆ ಅನ್ನೋಕೆ ಸಾಕ್ಷಿ ಏನು ಸ್ವಾಮಿ?"

"ಟೊಳ್ಳಾಗಿದೆ, ವಾಲಿದೆ, ಲಟಕ್ ಅಂತಿದೆ. ಇನ್ನೇನು ಸಾಕ್ಷಿ ಬೇಕು? ಕಡೀರಿ, ಅಪ್ಪಣೆ ಕೊಟ್ಟಿದ್ದೀನಿ!" ಎಂದವನೇ ಶಾಲು, ರುಮಾಲು ಎರಡನ್ನೂ ಬಿಟ್ಟು ಬೀದಿಗೆ ಹಾರಿದ.

ಸಿದ್ದವ್ವ ಅಪ್ಪಣೆ ಕೇಳಿ ಬೈಸಿಕೊಂಡು ಮರಳಿದ ಕತೆಯನ್ನು ಓಬಯ್ಯ ಅರುಹಿದಾಗ ರಾಜ ಹುಬ್ಬುಗಂಟಿಕ್ಕಿದ. "ಏನಿದು ಓಬಯ್ಯ? ಸಿದ್ದವ್ವ ಇದನ್ನೇ ಹೇಳಿದಾಗ ಇವನಿಗೆ ಮರ ಗಟ್ಟಿಯಾಗಿ ಕಂಡಿತ್ತೆ?"

"ಇವರದೇನೂ ತಪ್ಪಿಲ್ಲ ಪ್ರಭು" ಎಂದು ಓಬಯ್ಯ ಕೈಮುಗಿದ. "ಕೆಳಗೆ ಬಡವರ ತಲೆ ಇದ್ದಾಗ ಯಾವ ಮರವೂ ಗಟ್ಟಿಯಾಗಿಯೇ ಕಾಣುತ್ತದೆ. ಅದಕ್ಕೇ ಕಣ್ಣು ತಿಳಿಯಾಗಲೆಂದು ಅಧಿಕಾರಿಗಳ ತಲೆಯನ್ನೇ ಕೆಳಗಿಟ್ಟು ನೋಡಿದೆ."

ರಾಜ ಪೀಠ ಅಲುಗುವಂತೆ ನಕ್ಕ. ಕೆಳಗೆ ಬಿದ್ದಿದ್ದ ಶಾಲನ್ನು ತರಿಸಿ ಸಿದ್ದವ್ವನಿಗೆ ಹೊದಿಸಿದ. ಆಮೇಲೆ ಕಟ್ಟಳೆಗೆ ಒಂದು ಮಾತು ಸೇರಿಸಿದ: ಕೇಳಿದರೂ ಯಾವ ಮರಕ್ಕೆ ಅಪ್ಪಣೆ ಕೊಡುವುದಿಲ್ಲವೋ ಆ ಮರದ ಬುಡದಲ್ಲಿ ಅಧಿಕಾರಿ ಒಂದು ರಾತ್ರಿ ಮಲಗಬೇಕು.