ಗರುಡನ ಮರಕ್ಕೆ ಕಾವಲು

"ಗುರುಗಳೇ, ಒಂದು ಜೀವವನ್ನು ಕಾಪಾಡಬೇಕು ಅನ್ನುವವರಿದ್ದಾರೆ. ಅದೇ ಜೀವದಿಂದ ಕೇಡು ಉಣ್ಣುವವರೂ ಇದ್ದಾರೆ. ಕಾಪಾಡುವವನು ಕಾವಲು ಕೂರಬೇಕಾದ್ದು ಎಲ್ಲಿ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಕೆರೆಯ ದಂಡೆಯಲ್ಲಿ ಒಂದು ಊರು. ಊರಿನ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ಕೋಳಿ ಸಾಕಿಕೊಂಡಿದ್ದಳು. ಅವಳಿಗೆ ಹೊಲವಿಲ್ಲ, ಹಸುವಿಲ್ಲ. ಮರಿಗಳು ಬಲಿತು ಕೋಳಿಯಾದರೆ ಅವಳ ಒಲೆ ಉರಿಯುತ್ತಿತ್ತು. ಆ ವರ್ಷ ಅವಳ ಹಿತ್ತಿಲ ಬೇವಿನ ಮರದಲ್ಲಿ ಗರುಡನ ಜೋಡಿಯೊಂದು ಗೂಡು ಕಟ್ಟಿತು. ಊರಿನವರಿಗೆ ಸಂಭ್ರಮವೋ ಸಂಭ್ರಮ. ಆಕಾಶದಲ್ಲಿ ಗರುಡ ಹಾದರೆ ಕೆಲಸ ಬಿಟ್ಟು ಕೈಮುಗಿಯುವ ಜನ ಅವರು. ಈಗ ಅದು ಊರಿಗೇ ಬಂದು ಸಂಸಾರ ಹೂಡಿತ್ತು.

ಮೊಟ್ಟೆ ಒಡೆದು ಮರಿ ಬಂತು. ಅಂದಿನಿಂದ ಗರುಡ ಕೆರೆಯ ಕಡೆ ಹೋಗುವುದನ್ನೇ ಬಿಟ್ಟಿತು. ಮನೆಯ ಮುಂದಿನ ಅಂಗಳದಲ್ಲಿ ಕೋಳಿಮರಿ ಓಡಾಡುತ್ತಿರುವಾಗ ಮೀನಿಗಾಗಿ ಅಷ್ಟು ದೂರ ಯಾಕೆ ಹಾರಬೇಕು? ದಿನಕ್ಕೊಂದು ಮರಿ ಹೋಗತೊಡಗಿತು. ಗೂಡು ಕೀಳಿಸಲೆಂದು ಅವಳು ಮರ ಹತ್ತುವವನನ್ನು ಕರೆಸಿದಳು.

ಸುದ್ದಿ ತಿಳಿದ ಒಬ್ಬ ರೈತ ಊರನ್ನೇ ಕೂಡಿಸಿಕೊಂಡು ಓಡಿಬಂದ.

"ಅಕ್ಕಾ, ದೇವರ ವಾಹನ ಕಣಕ್ಕಾ ಅದು. ಗೂಡು ಮುಟ್ಟಿದರೆ ಊರಿಗೇ ಪಾಪ."

"ಅಹಹ, ಎಂಥಾ ಭಕ್ತರಪ್ಪ ನೀವು! ನೈವೇದ್ಯ ನನ್ನ ಮನೇದು, ಪುಣ್ಯ ನಿಮ್ಮದಾ?" ಎಂದಳು ಅವಳು.

ಗರುಡನ ಮೇಲೆ ರೈತನಿಗಿದ್ದ ಅಕ್ಕರೆ ಸುಳ್ಳಲ್ಲ. ಅವನೂ ಊರಿನವರೂ ಮರದ ಬುಡದಲ್ಲೇ ಕಾವಲು ಕೂತರು. ಯಾರೂ ಕೂಲಿ ಕೇಳಲಿಲ್ಲ, ಯಾರೂ ಸರದಿ ತಪ್ಪಿಸಲಿಲ್ಲ. ಬುಡಕ್ಕೆ ಅರಿಸಿನ ಕುಂಕುಮ ಬಳಿದರು. ಕರ್ಪೂರ ಹಚ್ಚಿದರು, ಗಂಟೆ ಬಾರಿಸಿದರು. ಮರ ಹತ್ತುವವನು ಹಗ್ಗ ಸುತ್ತಿಕೊಂಡು ಹೊರಟುಹೋದ.

ಗರುಡ ಬೇಟೆ ಹಿಡಿದು ಬಂತು. ಕೆಳಗೆ ಜನ, ಹೊಗೆ, ಗಂಟೆಯ ಸದ್ದು. ಮರವನ್ನು ಸುತ್ತಿತು, ಮತ್ತೆ ಸುತ್ತಿತು, ಇಳಿಯಲಿಲ್ಲ. ಜನ ಕತ್ತೆತ್ತಿ ನೋಡಿ, "ಪ್ರದಕ್ಷಿಣೆ ಹಾಕ್ತಾ ಇದೆ ನೋಡ್ರೋ!" ಎಂದು ಗಲ್ಲ ಗಲ್ಲ ಬಡಿದುಕೊಂಡರು.

ಮರುದಿನ ಗೂಡಿನ ಮರಿಯ ಕೂಗು ಸಣ್ಣದಾಯಿತು. ಸಂಜೆ ಹೊತ್ತಿಗೆ ಕೋಳಿ ಸಾಕುವವಳು ಹಿತ್ತಿಲಿಗೆ ಬಂದು ರೈತನ ಎದುರು ನಿಂತಳು.

"ಕೊಲ್ತೀನಿ ಅಂದವಳು ನಾನು. ಕೊಲ್ತಾ ಇರೋರು ನೀವು. ಮರಿ ಹಸಿದು ಅಳೋದು ಕೇಳಿಸ್ತಾ ಇಲ್ವೇನೋ? ತಾಯಿ ಇಳಿಯೋಕೆ ನೀವು ಬಿಟ್ಟರೆ ತಾನೆ?"

ರೈತ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದ. "ಹಾಗಾದರೆ ನಾವು ಎಲ್ಲಿ ಕೂರೋಣ, ಅಕ್ಕಾ?"

"ಕೂರಲೇಬೇಕು ಅಂದ್ರೆ ನನ್ನ ಕೋಳಿಗಳ ಹತ್ರ ಕೂತ್ಕೊಳ್ಳಿ. ಅದಾಗಲ್ಲ ಅಂದ್ರೆ ಮನೆಗೆ ಹೋಗಿ, ನಾಳೆ ಗೂಡು ಇಳಿಸ್ತೀನಿ. ನಾನೂ ಬದುಕಬೇಕಲ್ಲ."

ಅವರು ಎದ್ದರು. ಮರದ ಕೆಳಗೆ ನೆಲ ಖಾಲಿಯಾದ ಮೇಲೆ ಗರುಡ ಗೂಡಿಗೆ ಇಳಿಯಿತು.

ಬೆಳಗಾದರೆ ಊರು ಅವಳ ಅಂಗಳದಲ್ಲಿತ್ತು. ಬೆಸ್ತನೊಬ್ಬ ಹಳೆಯ ಬಲೆ ತಂದು ಅಂಗಳದ ಮೇಲೆ ಚಪ್ಪರದ ಹಾಗೆ ಎಳೆದು ಕಟ್ಟಿದ. ಬುಟ್ಟಿ ಹೆಣೆಯುವವಳು ಮರಿಗಳ ಮೇಲೆ ಕವುಚಲು ದೊಡ್ಡ ಮಂಕರಿ ಕೊಟ್ಟಳು. ರೈತ ಕೋಲು ಹಿಡಿದು ಕೂತ. ಜಗಲಿ ಬಿಟ್ಟು ಕದಲದ ಮುದುಕರೂ ಸರದಿಗೆ ಬಂದರು. ಊರಗೌಡನಂಥ ಗೌಡ ಬಿಳಿ ಪಂಚೆ ಎತ್ತಿಕಟ್ಟಿ, ಕೋಳಿ ಹಿಕ್ಕೆಯ ನಡುವೆ ಕುಕ್ಕರಗಾಲಲ್ಲಿ ಕೂತು, ತಪ್ಪಿಸಿಕೊಂಡ ಮರಿಯನ್ನು "ಬಾ ಬಾ ಬಾ" ಎಂದು ಕರೆಯುವುದನ್ನು ಕಲಿತ. "ಗೌಡ್ರೇ, ಊರು ಕೇಳದ ನಿಮ್ಮ ಮಾತನ್ನ ಕೋಳಿ ಕೇಳ್ತದೆ" ಎಂದು ಅವಳು ನಕ್ಕಳು. ಗೌಡನೂ ನಕ್ಕ.

ಗರುಡ ಎರಗಿತು, ಬಲೆ ಕಂಡು ಮೇಲೆದ್ದಿತು. ಇನ್ನೊಂದು ಕಡೆಯಿಂದ ಎರಗಿತು, ಕೋಲು ಕಂಡು ತಿರುಗಿತು. ಆಮೇಲೆ ಕೆರೆಯ ದಾರಿ ಹಿಡಿಯಿತು. ಗೂಡಿಗೆ ಮೀನು ಬಂತು, ಏಡಿ ಬಂತು. ಕೋಳಿಮರಿಗಳು ಬಲಿತವು. ಗರುಡನ ಮರಿಯೂ ಬಲಿತು ಹಾರಿತು. ಅಲ್ಲಿಯವರೆಗೆ ಊರಿನವರಲ್ಲಿ ಒಬ್ಬನೂ ಆ ಬೇವಿನ ಮರದ ಕೆಳಗೆ ಕಾಲಿಡಲಿಲ್ಲ. ನೋಡಬೇಕೆಂಬ ಆಸೆ ಅವರಿಗಿರಲಿಲ್ಲವೆಂದಲ್ಲ. ತಡೆದುಕೊಂಡರು.

ಮುಂದಿನ ವರ್ಷ ಗರುಡ ಮತ್ತೆ ಬಂತು. ಊರೆಲ್ಲ ಹೊಲದಲ್ಲಿದ್ದ ಒಂದು ಮಧ್ಯಾಹ್ನ ದಾರಿಹೋಕನೊಬ್ಬ ಹಿತ್ತಿಲಿಗೆ ನುಗ್ಗಿ ಗೂಡಿನ ಕಡೆ ಕವಣೆ ಬೀಸತೊಡಗಿದ. ಕೋಳಿ ಸಾಕುವವಳು ಪೊರಕೆ ಹಿಡಿದು ಬಂದು ಅವನನ್ನು ಕೆರೆ ಏರಿಯ ತನಕ ಅಟ್ಟಿಕೊಂಡು ಹೋದಳು. "ನನ್ನ ಗರುಡ ಕಣೋ ಅದು, ಇನ್ನೊಂದು ಕಲ್ಲು ಬೀಸಿ ನೋಡು!" ಎಂದು ಅವಳು ಕೂಗಿದ್ದು ಹೊಲದವರೆಗೂ ಕೇಳಿಸಿತು.

ಶಿಷ್ಯ ಕೇಳಿದ: "ಗೂಡು ಕೀಳಿಸಹೊರಟವಳು ಅವಳೇ ಅಲ್ಲವೆ? ಗರುಡ ಅವಳದಾದದ್ದು ಯಾವಾಗ, ಗುರುಗಳೇ?"

"ಅವಳ ಕೋಳಿಮರಿಗಳು ಊರಿನವಾದ ದಿನ" ಎಂದರು ಗುರು.