ಸಂಜೆ ಮುಚ್ಚಿದ ಪುಸ್ತಕದ ಪೊಟರೆ

ಹುಲ್ಲಹಳ್ಳದ ಕಾಡಿನಲ್ಲಿ ಒಂದು ದೊಡ್ಡ ಹುಣಸೆಮರ. ಅದರ ಪೊಟರೆಯೇ ಅಲ್ಲಿನ ಪ್ರಾಣಿಗಳ ಗ್ರಂಥಾಲಯ. ನಗಬೇಡಿ ಮಕ್ಕಳೇ, ತಾಳೆಗರಿಯ ಪುಸ್ತಕಗಳು ಅಲ್ಲಿ ತುಂಬಿ ತುಳುಕುತ್ತಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವಳು ಮರದಲ್ಲೇ ವಾಸಿಸುವ ದುಂಡುಗಣ್ಣಿನ ಪುಟ್ಟ ಪ್ರಾಣಿ, ಸಿದ್ದಮ್ಮ ಎಂಬ ಕಾಡುಪಾಪ. ಅವಳಿಗೆ ತಿನ್ನಲು ಹಣ್ಣು, ಸಂಜೆಯ ದೀಪಕ್ಕೆ ಹೊಂಗೆ ಎಣ್ಣೆ, ಪುಸ್ತಕಕ್ಕೆ ಗೆದ್ದಲು ಹತ್ತದಂತೆ ಬೇವಿನ ಸೊಪ್ಪು, ಎಲ್ಲವೂ ಅರಮನೆಯಿಂದಲೇ ಬರುತ್ತಿತ್ತು.

ಹಗಲೆಲ್ಲ ಮೇವು ಹುಡುಕುವ ಪ್ರಾಣಿಗಳಿಗೆ ಬಿಡುವು ಸಿಗುವುದೇ ಸಂಜೆ. ಆಗ ಪೊಟರೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಕಾಡಿನ ರಾಜ ಜೂಲಪ್ಪ ಎಂಬ ಕರಡಿ. ಕೆಟ್ಟವನೇನಲ್ಲ, ಆದರೆ ಮಹಾ ಆತುರಗಾರ. ಯಾರ ಮಾತನ್ನೂ ಕೊನೆಯವರೆಗೆ ಕೇಳಿದವನೇ ಅಲ್ಲ. ಅವನ ಮರಿ ಬೊಮ್ಮನಿಗೆ ಮಾತು ತೊದಲುತ್ತಿತ್ತು. "ಅಪ್ಪಾ, ನ... ನ..." ಎನ್ನುವಷ್ಟರಲ್ಲಿ ಅಪ್ಪ, "ಹಸಿವಾ? ಅಮ್ಮನ್ನ ಕೇಳು" ಎಂದು ಹೊರಟೇಬಿಡುತ್ತಿದ್ದ.

ಪಾಪ, ಬೊಮ್ಮ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಒಂದೇ ಕಡೆ. ಸಂಜೆ ಪೊಟರೆಗೆ ಹೋಗಿ, ಕಣ್ಣು ಮಂಜಾದ ಆಮೆಯಜ್ಜಿಗೆ ಕತೆ ಓದಿ ಹೇಳುತ್ತಿದ್ದ. ಆಮೆಗೆ ಎಲ್ಲಿಯ ಅವಸರ! ಅವನು ಎಷ್ಟು ತಡವರಿಸಿದರೂ, "ನಿಧಾನಕ್ಕೆ ಓದು ಮಗಾ, ನಾನೆಲ್ಲಿಗೂ ಓಡಿಹೋಗಲ್ಲ" ಎನ್ನುತ್ತಿದ್ದಳು.

ಒಂದು ವರ್ಷ ಕಾಡಿನಲ್ಲಿ ಹಣ್ಣು, ಜೇನು ಎಲ್ಲವೂ ಕಡಿಮೆಯಾಯಿತು.

"ಎಲ್ಲಾದರೂ ಖರ್ಚು ಕಡಿತ ಮಾಡಲೇಬೇಕು ದೊರೆ" ಎಂದ ಮಂತ್ರಿ ಮುಂಗುಸಿ.

"ಪೊಟರೆಗೆ ಎಣ್ಣೆ ನಿಲ್ಲಿಸು. ಮಧ್ಯಾಹ್ನ ಬೆಳಕಿರುತ್ತಲ್ಲ, ಆಗ ಓದಲಿ" ಎಂದ ರಾಜ.

"ದೊರೆ, ಮಧ್ಯಾಹ್ನ ಎಲ್ಲರೂ..." ಎಂದು, ಸುದ್ದಿ ಕೇಳಿ ಅರಮನೆಗೆ ಓಡಿಬಂದ ಸಿದ್ದಮ್ಮ ಬಾಯಿ ತೆರೆದಳು.

"ಆಯ್ತು, ಆಯ್ತು, ಹೋಗು!"

ಕೆಲವು ದಿನ ಬಿಟ್ಟು ರಾಜನೂ ಮಂತ್ರಿಯೂ ಉರಿಬಿಸಿಲಲ್ಲಿ ಬಂದು ಪೊಟರೆಯೊಳಗೆ ಇಣುಕಿದರು. ಓದಲು ಬಂದ ನರಪಿಳ್ಳೆ ಬಿಡಿ, ಇಲಿಪಿಳ್ಳೆಯೂ ಇರಲಿಲ್ಲ.

"ನೋಡಿದಿರಾ ದೊರೆ? ಇದು ಯಾರಿಗೂ ಬೇಡದ ಪೊಟರೆ" ಎಂದ ಮುಂಗುಸಿ.

"ಹಾಗಾದರೆ ಮುಚ್ಚಿಬಿಡು. ಹಣ್ಣೂ ಉಳಿಯಿತು, ಸೊಪ್ಪೂ ಉಳಿಯಿತು."

ಬಾಗಿಲಿಗೆ ಬಂಡೆ ಬಿತ್ತು. ಸಿದ್ದಮ್ಮ ಹೊಟ್ಟೆಪಾಡಿಗೆ ಬೇರೆ ಮರ ಹುಡುಕಿಕೊಂಡು ಹೋದಳು.

ದೀಪ ಆರಿದಂದೇ ಓದು ತಪ್ಪಿದ್ದ ಬೊಮ್ಮ ಈಗ ಮಾತಾಡುವುದನ್ನೇ ಬಿಟ್ಟ. ರಾಣಿ ಮುದ್ದು ಮಾಡಿದಳು. ವೈದ್ಯರು ಬೇರು ತೇದು ನೆಕ್ಕಿಸಿದರು. ರಾಜ ತನ್ನ ಪಾಲಿನ ಜೇನನ್ನೇ ತಂದಿಟ್ಟ. ಮರಿ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಸಂಜೆ ಮರಿಯನ್ನು ಹುಡುಕುತ್ತಾ ಬಂದ ರಾಜ ನೋಡಿದರೆ, ಬೊಮ್ಮ ಪೊಟರೆಯ ಬಂಡೆಗೆ ಒರಗಿ ಕುಳಿತಿದ್ದಾನೆ. ಪಕ್ಕದಲ್ಲಿ ಆಮೆಯಜ್ಜಿ.

"ನನ್ನ ಮಗ ಇಲ್ಲೇನು ಮಾಡ್ತಿದ್ದಾನೆ?"

"ದಿನಾ ಬರ್ತಾನೆ ದೊರೆ. ಮೊದಲು ನನಗೆ ಕತೆ ಓದಿ ಹೇಳ್ತಿದ್ದ. ಈಗ ಸುಮ್ಮನೆ ಕೂತಿರ್ತೀವಿ."

"ಬೊಮ್ಮ ಓದ್ತಿದ್ದನಾ? ಬಾಯಿಬಿಟ್ಟು? ಮತ್ತೆ ನಾನು ಬಂದಾಗ ಇಲ್ಲಿ ಯಾರೂ ಇರಲಿಲ್ಲವಲ್ಲ!"

"ನೀವು ಬಂದಿದ್ದು ಮಧ್ಯಾಹ್ನ. ಆ ಬಿಸಿಲಿಗೆ ನನ್ನ ಚಿಪ್ಪು ಕಾದ ಹೆಂಚು, ನಾನು ಹೇಗೆ ಬರಲಿ? ಮಿಕ್ಕವರೆಲ್ಲ ಮೇವಿಗೆ ಹೋಗಿದ್ದರು. ಸಿದ್ದಮ್ಮ ಅದನ್ನೇ ಹೇಳೋಕೆ ಬಂದಳು, ನೀವು ಕೇಳಲಿಲ್ಲ."

ರಾಜ ತಾನೇ ಭುಜ ಕೊಟ್ಟು ಬಂಡೆ ಉರುಳಿಸಿದ. ಒಳಗೆ ಇಣುಕಿದ. ಬೇವಿನ ಸೊಪ್ಪಿಲ್ಲದ ಪೊಟರೆಗೆ ಗೆದ್ದಲು ನುಗ್ಗಿತ್ತು. ಗೆದ್ದಲು ಕಂಡರೆ ಬಾಯಲ್ಲಿ ನೀರೂರುವ ಕರಡಿಗೆ ಅವತ್ತು ಅಳು ಬಂತು.

"ನಾಳೆಯೇ ಸಿದ್ದಮ್ಮನ್ನ ಕರೆಸ್ತೀನಿ. ಎಣ್ಣೆ, ಸೊಪ್ಪು ಎಲ್ಲ ಕಳಿಸ್ತೀನಿ. ಸಂಜೆ ದೀಪ ಹಚ್ಚಲಿ" ಎಂದ.

ಬೊಮ್ಮ ತಡಕಾಡಿ ತಾನು ಅಜ್ಜಿಗೆ ಓದುತ್ತಿದ್ದ ಪುಸ್ತಕವನ್ನು ಹೊರಗೆಳೆದ. ಅದರಲ್ಲಿ ಅರ್ಧ ಮಾತ್ರ ಉಳಿದಿತ್ತು.

"ಉ... ಉಳಿದ ಕ... ಕ..." ಎಂದು ಮರಿ ನಿಂತ.

ರಾಜನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅದನ್ನು ನುಂಗಿಕೊಂಡು ನೆಲದ ಮೇಲೆ ಕುಳಿತ. ಮರಿ ಮತ್ತೆ ಮೊದಲಿನಿಂದ ಶುರುಮಾಡಿದ, ಮತ್ತೆ ನಿಂತ. ಅಪ್ಪ ಕಾದ.

"ಉಳಿದ ಕ... ಕತೆ ನನಗೂ ಗೊತ್ತಿಲ್ಲ ಅಪ್ಪಾ. ನಾ... ನಾವು ಅಲ್ಲಿವರೆಗೆ ಓದಿರಲಿಲ್ಲ."

ಮಗನ ಬಾಯಿಂದ ಅಪ್ಪ ಪೂರ್ತಿಯಾಗಿ ಕೇಳಿದ ಮೊದಲ ಮಾತು ಅದು.

ನೀತಿ: ಯಾರೂ ಬರಲಾಗದ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟು, ಇದು ಯಾರಿಗೂ ಬೇಡವೆಂದು ತೀರ್ಮಾನಿಸಬಾರದು. ಮುಚ್ಚುವ ಮುನ್ನ ಬರುತ್ತಿದ್ದವರ ಮಾತನ್ನು ಪೂರ್ತಿ ಕೇಳಬೇಕು.