ಆನೆಬಂಡೆಯ ಹತ್ತಿರ ಕೂಗಿದ ಹೆಸರು

ಅಂಬಿಗನ ಮೇಲೆ ದೂರು ಹೇಳಲು ಊರಿನ ಹಿರಿಯರು ಅಂಬಿಗನ ಹರಿಗೋಲಿನಲ್ಲೇ ಕೂತು ಬಂದರು.

ಬೇರೆ ದಾರಿ ಇರಲಿಲ್ಲ. ಊರು ಆ ದಡ, ಆಶ್ರಮ ಈ ದಡ. ನಡುವೆ ಹೊಳೆ. ಹೊಳೆಯ ನಡುವೆ ಆನೆಬಂಡೆ. ದಾಟಿಸಲು ಇದ್ದವನು ಹುಲುಗಪ್ಪ ಒಬ್ಬನೇ.

ಐದು ದಿನದ ಹಿಂದೆ ಹರಿಗೋಲು ಆ ಬಂಡೆಗೆ ಬಡಿದು ಮಗುಚಿತ್ತು. ಆರು ಜನ ದಡ ಸೇರಿದರು. ಬಳೆಗಾರ ಕಾಳಪ್ಪ ಸೇರಲಿಲ್ಲ. ಮರುದಿನ ಅವನು ಹೆಗಲಿಗೆ ಹಾಕುತ್ತಿದ್ದ ಬಳೆಯ ಕಟ್ಟು, ಆ ಮಲಾರ ಮಾತ್ರ ಮರಳಿಗೆ ತಾಗಿ ನಿಂತಿತ್ತು.

"ಅಂಬಿಗ ಮೈಮರೆತ ಗುರುಗಳೇ," ಎಂದ ಊರ ಗೌಡ, ಕೊಟ್ಟ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಳ್ಳುತ್ತ. "ನಿಮ್ಮ ಈ ಶಿಷ್ಯರು ಎರಡು ತಿಂಗಳಿಂದ ದಡದಲ್ಲಿ ಕೂತು ಅವನ ಎಚ್ಚರ ಅಳೆದು ಓಲೆಯಲ್ಲಿ ಬರೀತಿದ್ದಾರಂತೆ. ಅವರು ಒಂದು ಮಾತು ಹೇಳಲಿ ಸಾಕು. ಹುಟ್ಟು ಕಿತ್ತುಕೊಂಡು ಅವನನ್ನು ಹೊಳೆದಂಡೆಯಿಂದಲೇ ಓಡಿಸುತ್ತೇವೆ."

ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಮುಂದೆ ಕೂತು ಬಂಡೆ ನೋಡಬೇಕು, ಇನ್ನೊಂದು ಆಳು ಕೊಡಿ ಎಂದು ಹುಲುಗಪ್ಪ ಮೂರು ವರ್ಷ ಕೇಳಿದ್ದ. ಮೂರು ವರ್ಷವೂ ಗೌಡ "ನೋಡೋಣ" ಅಂದಿದ್ದ. ಈಗ ತಪ್ಪು ಹೊರಿಸಲು ಒಂದು ಹೆಗಲು ಬೇಕಿತ್ತು. ಬಡವನ ಹೆಗಲು ಯಾವಾಗಲೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತದೆ.

ಗುರು ಶಿಷ್ಯನ ಕಡೆ ತಿರುಗಿದ. "ಶಂಭುಲಿಂಗಾ, ಹೇಗೆ ಅಳೆದೆ ಹೇಳಪ್ಪಾ."

"ಹರಿಗೋಲು ಆನೆಬಂಡೆಯ ಹತ್ತಿರ ಬಂದಾಗಲೆಲ್ಲ ದಡದಿಂದ ಅವನ ಹೆಸರು ಕೂಗುತ್ತಿದ್ದೆ. ಎಷ್ಟು ಉಸಿರಿಗೆ 'ಓ' ಎನ್ನುತ್ತಾನೆ ಎಂದು ಎಣಿಸುತ್ತಿದ್ದೆ. ಬೇಗ ಓಗೊಟ್ಟರೆ ಮನಸ್ಸು ಎಚ್ಚರವಾಗಿದೆ ಎಂದು ಅರ್ಥ."

"ಬಂಡೆಯ ಹತ್ತಿರವೇ ಯಾಕೆ?"

"ಎಚ್ಚರ ಬೇಕಾಗಿರುವುದು ಅಲ್ಲೇ ಅಲ್ಲವೇ ಗುರುಗಳೇ?"

"ಸರಿ. ಆ ದಿನದ ಓಲೆ ಓದು."

ಶಂಭುಲಿಂಗ ಕಟ್ಟು ಬಿಚ್ಚಿ ಆ ದಿನದ ಓಲೆ ತೆಗೆದ. "ಒಂದೇ ಉಸಿರಿಗೆ ಓಗೊಟ್ಟ. ಎರಡು ತಿಂಗಳಲ್ಲಿ ಅಷ್ಟು ಬೇಗ ಎಂದೂ ಓಗೊಟ್ಟಿರಲಿಲ್ಲ."

"ಹಾಗಾದರೆ ಅವನ ಮನಸ್ಸು ಎಚ್ಚರವಾಗಿತ್ತು."

"ಎಚ್ಚರವಾಗಿತ್ತು."

"ಎಲ್ಲಿ?"

ಶಂಭುಲಿಂಗ ಓಲೆಯಿಂದ ತಲೆ ಎತ್ತಿ ಹೊಳೆಯ ಕಡೆ ನೋಡಿದ.

"ಇದೆಂಥ ಒಗಟು ಗುರುಗಳೇ," ಎಂದು ಗೌಡ ಗೊಣಗಿದ.

"ಇನ್ನೊಂದು ಲೋಟ ಮಜ್ಜಿಗೆ ಕುಡಿ ಗೌಡಾ. ಇವನು ಹೊಳೆಯ ತನಕ ಹೋಗಿ ಬರುತ್ತಾನೆ."

ಹೊಳೆದಂಡೆಯಲ್ಲಿ ಹುಲುಗಪ್ಪ ಹರಿಗೋಲಿನ ಚರ್ಮಕ್ಕೆ ಹಾಕಿದ ತೇಪೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ.

"ಹುಲುಗಪ್ಪಾ."

"ಓ." ತಲೆ ಎತ್ತುವ ಮೊದಲೇ ಬಂತು ಉತ್ತರ.

"ನಾನು ಕೂಗಿದ್ದಕ್ಕೇ ಅಂದು ನೀನು ಬಂಡೆ ಬಿಟ್ಟು ದಡದ ಕಡೆ ತಿರುಗಿದೆ. ಯಾರಿಗೂ ಯಾಕೆ ಹೇಳಲಿಲ್ಲ?"

"ಹೇಳಿದರೆ ನೀವು ಕೂಗೋದು ಬಿಡ್ತೀರಿ ಸ್ವಾಮಿ."

"ನಿನ್ನ ಹುಟ್ಟೇ ಹೋಗುತ್ತಲ್ಲೋ ಮಾರಾಯ!"

ಹುಲುಗಪ್ಪ ತೇಪೆಯಿಂದ ಕೈ ತೆಗೆದ. "ಹೆಂಡತಿ ಹೋಗಿ ಒಂಬತ್ತು ವರ್ಷ. ಈ ದಡದವರು 'ಏ ಅಂಬಿಗಾ' ಅಂತಾರೆ, ಆ ದಡದವರೂ 'ಏ ಅಂಬಿಗಾ' ಅಂತಾರೆ. ಹೆಸರು ಹಿಡಿದು ಕರೆದವರು ನೀವೊಬ್ಬರೇ. ಬಂಡೆ ಕಂಡರೆ ಸಾಕು, ಈಗ ಕರೀತಾರೆ, ಈಗ ಕರೀತಾರೆ ಅಂತ ಮೈಯೆಲ್ಲ ಕಿವಿಯಾಗಿ ಕಾಯ್ತಿದ್ದೆ."

ನಕ್ಕ. ನಗು ಅರ್ಧಕ್ಕೇ ನಿಂತಿತು.

"ಅಂದು ಕಾಳಪ್ಪನೂ ಚೇಷ್ಟೆ ಮಾಡಿದ. 'ಏನೋ, ನಿನ್ನ ನೆಂಟ ಇನ್ನೂ ಕೂಗಲಿಲ್ಲವಾ?' ಅಂದ. ಅದೇ ಅವನ ಕೊನೇ ಮಾತು."

ಶಂಭುಲಿಂಗ ಮರಳಿನ ಮೇಲೆ ಕೂತ.

ಎರಡು ತಿಂಗಳು ಅವನು ಕೂತಿದ್ದ ಜಾಗ ಅದೇ. ಬೆಳಗಿನಿಂದ ಸಂಜೆಯ ತನಕ ಒಬ್ಬನೇ. ಮೊದಮೊದಲು ಅಳೆಯಲು ಕೂಗಿದ್ದ. ಆಮೇಲೆ ಆಮೇಲೆ ಆ 'ಓ' ಕೇಳಲಿಕ್ಕೆಂದೇ ಕೂಗಿದ್ದ. ಇಡೀ ದಿನದಲ್ಲಿ ಅವನಿಗೂ ಸಿಗುತ್ತಿದ್ದ ಮನುಷ್ಯರ ದನಿ ಅದೊಂದೇ. ಓಲೆಯಲ್ಲಿ ಅದನ್ನು ಬರೆದಿರಲಿಲ್ಲ.

ಎದ್ದು ಹೋಗಿ ಹಿರಿಯರ ಎದುರು ನಿಂತ.

"ಅವನು ಮೈಮರೆಯಲಿಲ್ಲ. ಬಂಡೆಯ ಮೇಲಿದ್ದ ಅವನ ಗಮನವನ್ನು ನಾನು ಕೂಗಿ ಕಿತ್ತುಕೊಂಡೆ. ಒಂದು ದಿನವಲ್ಲ, ಎರಡು ತಿಂಗಳು."

"ಬಿಡಿ ಸ್ವಾಮಿ," ಎಂದ ಗೌಡ. "ಆಶ್ರಮದವರ ಮೇಲೆ ತಪ್ಪು ಹೊರಿಸಿದರೆ ನಮಗೇ ಪಾಪ. ನೀವು ಕೂಗಿದಿರಿ, ಆಯಿತು. ಅವನು ಯಾಕೆ ತಿರುಗಬೇಕಿತ್ತು?"

"ಮನುಷ್ಯ ರೀ ಅವನು!" ಶಂಭುಲಿಂಗನ ದನಿ ಏರಿತು. "ಹೆಸರು ಹಿಡಿದು ಕರೆದರೆ ತಿರುಗುತ್ತಾನೆ. ಕೂಗಿದವನು ನಾನು. ಇನ್ನೊಂದು ಆಳು ಕೊಡದೆ ಮೂರು ವರ್ಷ ಕಳೆದವರು ನೀವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ?"

ಗೌಡನ ಮುಖ ಕೆಂಪಾಯಿತು. "ತೀರ್ಪು ಕೊಡುವವರು ನಾವು. ಹುಟ್ಟು ಕಿತ್ತುಕೊಳ್ಳುವುದೇ ಸೈ."

"ಕಿತ್ತುಕೊಳ್ಳಿ," ಎಂದ ಗುರು. "ಆಮೇಲೆ ಮನೆಗೆ ಹೇಗೆ ಹೋಗುತ್ತೀರಿ?"

ಹಿರಿಯರು ಹೊಳೆಯ ಕಡೆ ನೋಡಿದರು. ಒಬ್ಬ ಕೆಮ್ಮಿದ.

"ಇವತ್ತೊಂದು ದಿನ ಅವನೇ ದಾಟಿಸಲಿ," ಎಂದ ಗೌಡ. "ನಾಳೆ ಕಿತ್ತುಕೊಳ್ಳೋಣ."

"ಆಗಲಿ. ಆನೆಬಂಡೆ ಹತ್ತಿರ ಬಂದಾಗ ಆ ಮಾತನ್ನು ಅವನಿಗೆ ಹೇಳು."

ಎಲ್ಲರೂ ಹೊಳೆಗೆ ಇಳಿದರು. ಗುರುವೂ ಜೊತೆಗೆ ಬಂದ. ಗೌಡ ಒಂದು ಕಾಲು ಹರಿಗೋಲಿನಲ್ಲಿ ಇಟ್ಟ. ಇನ್ನೊಂದು ಮರಳಿನಿಂದ ಮೇಲೇಳಲಿಲ್ಲ. ನೀರು ನೋಡಿದ, ಬಂಡೆ ನೋಡಿದ, ಹುಟ್ಟು ಹಿಡಿದು ಸುಮ್ಮನೆ ನಿಂತಿದ್ದ ಹುಲುಗಪ್ಪನನ್ನು ನೋಡಿದ.

"ಹುಟ್ಟು ಅವನ ಕೈಯಲ್ಲೇ ಇರಲಿ," ಎಂದ, ಯಾರ ಮುಖವನ್ನೂ ನೋಡದೆ. "ನಾಳೆಯೂ ಇರಲಿ. ಆದರೆ ಮುಂದೆ ಕೂತು ಬಂಡೆ ನೋಡೋಕೆ ಒಬ್ಬ ಬೇಕಲ್ಲ?"

ಮೂರು ವರ್ಷ ತಲೆಗೆ ಹತ್ತದ ಮಾತು, ಸ್ವಂತ ಕಾಲು ಹರಿಗೋಲಿನಲ್ಲಿ ಇಟ್ಟಾಗ ಹತ್ತಿತು.

ಶಂಭುಲಿಂಗ ಓಲೆಯ ಕಟ್ಟನ್ನು ಗುರುವಿನ ಕಾಲ ಬಳಿ ಇಟ್ಟ. ನೀರಿಗೆ ಇಳಿದು ಹರಿಗೋಲು ಹತ್ತಿ ಮುಂದೆ ಕೂತ. ಬೆನ್ನ ಹಿಂದೆ ಹುಲುಗಪ್ಪನ ಉಸಿರು ಕೇಳುತ್ತಿತ್ತು. ಕರೆಯಲು ನಾಲಗೆಯ ತುದಿಗೆ ಬಂದ ಹೆಸರನ್ನು ನುಂಗಿಕೊಂಡ.

"ಗುರುಗಳೇ, ಇನ್ನು ನಾನು ಅವನನ್ನು ಕೂಗಲೇಬಾರದೇ?"

ಗುರು ಬಗ್ಗಿ, ತನ್ನ ಕೈಯಿಂದಲೇ ಹರಿಗೋಲನ್ನು ನೀರಿಗೆ ನೂಕಿದ.

"ಹೊಳೆಯಲ್ಲಿ ಬಂಡೆ ನೋಡು. ದಡ ಮುಟ್ಟಿದ ಮೇಲೆ ಹೆಸರು ಹಿಡಿದು ಕರೆ."